ಬೀರನ ಬೂಟಿನ ಕ್ಲೀಟ್ ಹಿಂದಕ್ಕೆ ಸರಿದದ್ದು

ಹೋದ ತಿಂಗಳು ನನ್ನ ತಂಗಿಯ ಮೊಮ್ಮಗಳು ಬಂದಿದ್ದಾಗ ಫೋನಿನಲ್ಲಿ ಒಂದು ಬೂಟು ತೋರಿಸಿದಳು. ಪಾದರಕ್ಷೆ ಮಾಡುವುದನ್ನು ಅವಳು ಶಾಲೆಗೆ ಹೋಗಿ ಕಲಿಯುತ್ತಿದ್ದಾಳೆ. ಈಗ ನಮ್ಮ ಕಸುಬಿಗೂ ಪಾಠ, ಪರೀಕ್ಷೆ ಎಲ್ಲ ಬಂದಿವೆ, ಒಳ್ಳೆಯದೇ ಆಯಿತು. ಅದು ರೇಸ್ ಸೈಕಲ್ ತುಳಿಯುವವರ ಬೂಟು. "ಅಜ್ಜ, ಇಲ್ನೋಡು, ಅಟ್ಟೆಗಿರೋ ಕ್ಲೀಟ್ ಮುಂಗಾಲಿನ ಕೆಳಗಿಲ್ಲ, ಪಾದದ ನಡುವಿಗೆ ಐತೆ. ಇದು ಹೊಸ ಪದ್ಧತಿ," ಅಂದಳು. ಹೊಸ ಪದ್ಧತಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನಗೆ ಮೈಯೆಲ್ಲ ಉರಿದುಹೋಯಿತು. ಪಾಪ, ಆ ಹುಡುಗಿಯ ಮೇಲೆ ಕೂಗಾಡಿಬಿಟ್ಟೆ. ಆ ಸಿಟ್ಟು ನಿಜವಾಗಿ ಯಾರ ಮೇಲಿನದು ಎಂದು ಅವಳಿಗೂ, ಅವಳ ಹಾಗೆ ಈ ಕೆಲಸಕ್ಕೆ ಬರುತ್ತಿರುವ ಮಕ್ಕಳಿಗೂ ತಿಳಿಯಲಿ ಎಂದು ಇದನ್ನು ಬರೆಯಲು ಕೂತಿದ್ದೇನೆ.

ನಾನು ಕೆಲಸ ಕಲಿತದ್ದು ಚಿತ್ರದುರ್ಗದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಹನುಮಂತಪ್ಪ ಮೇಸ್ತ್ರಿಯ ಅಂಗಡಿಯಲ್ಲಿ. ಎಪ್ಪತ್ತರ ದಶಕದ ಮಾತು. ಅಂಗಡಿ ಎಂದರೆ ಮೇಲೊಂದು ತಗಡು, ಕೆಳಗೊಂದು ಗೋಣಿತಟ್ಟು, ಗೋಡೆಗೆ ಸಾಲಾಗಿ ನೇತುಹಾಕಿದ, ಪಾದದ ಆಕಾರದ ಮರದ ಅಚ್ಚುಗಳು. ಮೇಸ್ತ್ರಿ ಬಾಯಿ ಬಿಟ್ಟರೆ ಬೈಗುಳ, ಮುಚ್ಚಿದರೆ ಎಲೆಯಡಿಕೆ. ಆದರೆ ಕೈ ಮಾತ್ರ ಬಂಗಾರ. ಬಂದವರ ಮುಖವನ್ನು ಅವರು ಆಮೇಲೆ ನೋಡುತ್ತಿದ್ದರು, ಮೊದಲು ಕಾಲು ನೋಡುತ್ತಿದ್ದರು.

ಗಿರಾಕಿಗಳು ಹೇಗಿದ್ದರು ಅನ್ನುವುದನ್ನೂ ಹೇಳಿಬಿಡುತ್ತೇನೆ. ಬೂಟನ್ನು ಕೈಯಲ್ಲಿ ಎತ್ತಿ ಕೊಟ್ಟವರು ಕಡಿಮೆ. ಕಾಲಿನಿಂದಲೇ ನಮ್ಮ ಕಡೆಗೆ ತಳ್ಳುತ್ತಿದ್ದರು. ಅದೇ ಬೂಟನ್ನು ನಾವು ಹೊಲಿದು, ಪಾಲಿಶ್ ಹಾಕಿ, ಎರಡೂ ಕೈಯಲ್ಲಿ ಹಿಡಿದು ಕೊಡಬೇಕು. ಸ್ವಂತ ಬೂಟು ಮುಟ್ಟಿದರೆ ಅವರ ಕೈ ಕೊಳಕಾಗುತ್ತದೆ, ನಮ್ಮದು ಆಗುವುದಿಲ್ಲ! ನಿಮ್ಮ ಕಾಲಕ್ಕೆ ಇದು ಹೋಗಿದ್ದರೆ ಸಂತೋಷ. ಹೋಗಿರದಿದ್ದರೆ ಎತ್ತಿಕೊಳ್ಳಬೇಡಿ, "ಕೈಯಾಗೆ ಕೊಡ್ರಿ" ಎಂದು ಹೇಳಿ. ನಾವು ಹೇಳಲಿಲ್ಲ.

ಐಮಂಗಲದ ಲಾರಿ ಡ್ರೈವರ್ ಒಬ್ಬ ಬರುತ್ತಿದ್ದ. ಅವನ ಬಲಗಾಲಿನ ಬೂಟು ಮಾತ್ರ ಸವೆಯುತ್ತಿತ್ತು, ದಿನವಿಡೀ ಆಕ್ಸಿಲರೇಟರ್ ಒತ್ತಿ ಒತ್ತಿ. "ಎಡಗಾಲಿಂದು ಗಟ್ಟಿ ಐತೆ, ಬಲಗಾಲಿಗಷ್ಟೆ ಹೊಸ ಅಟ್ಟೆ ಹಾಕು," ಅಂದ. ಹಾಕಿ ಕೊಟ್ಟೆ. ಎರಡು ವಾರಕ್ಕೆ ಸೊಂಟ ಹಿಡಿದುಕೊಂಡು ವಾಪಸ್ ಬಂದ. ಒಂದು ಅಟ್ಟೆ ದಪ್ಪ, ಇನ್ನೊಂದು ತೆಳುವಾದರೆ ಮನುಷ್ಯ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು ನಡೆದ ಹಾಗೆ. ಮೇಸ್ತ್ರಿ ನನಗೆ ಮರದ ಅಚ್ಚು ಬೀಸಿದರು, ನಾನು ತಪ್ಪಿಸಿಕೊಂಡೆ. "ಕಾಲಿಗೆ ಮಾಡಿದ್ದು ಸೊಂಟಕ್ಕೆ ಹತ್ತುತ್ತೆ ಕಣ್ಲೇ ತಿಪ್ಪೇಶ, ಸೊಂಟಕ್ಕೆ ಹತ್ತಿದ್ದು ನೆತ್ತಿಗೆ ಹತ್ತುತ್ತೆ," ಅಂದರು. ಡ್ರೈವರ್ ಮಾತ್ರ ಒಳ್ಳೆಯವನು, ನಕ್ಕು, ನಮಗೆಲ್ಲ ಟೀ ತರಿಸಿದ.

ಆಗ ಕೆಲಸದ ರೀತಿಯೂ ಬದಲಾಗುತ್ತಿತ್ತು. ಮೇಣ ಸವರಿದ ದಾರದಲ್ಲಿ ಕೂತು ಅಟ್ಟೆ ಹೊಲಿಯುತ್ತಿದ್ದ ನಾವು ಟೈರಿನ ಅಟ್ಟೆಗೆ ಮೊಳೆ ಹೊಡೆಯಲು ಶುರುಮಾಡಿದೆವು. ಆಮೇಲೆ ಸೊಲ್ಯೂಷನ್ ಬಂತು, ರಬ್ಬರ್ ಹಾಳೆ ಬಂತು, ಅಂಟಿಸಿ ಒತ್ತಿದರೆ ಮುಗಿಯಿತು. ಮೇಸ್ತ್ರಿಗೆ ಸೊಲ್ಯೂಷನ್ ಕಂಡರೆ ಆಗುತ್ತಿರಲಿಲ್ಲ. ಆ ವಾಸನೆಗೆ ಮೂಗು ಮುಚ್ಚಿಕೊಂಡು ಇದು ಬೂಟಿನ ಅಂಗಡಿಯೋ ಪಂಕ್ಚರ್ ಅಂಗಡಿಯೋ ಎಂದು ಕೇಳುತ್ತಿದ್ದರು.

ಇಂಥ ದಿನಗಳಲ್ಲಿ ಬೀರ ಬಂದ.

ಅವನು ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದ ಕಡೆಯವನು, ಕುರಿ ಸಾಕುವ ಮನೆಯ ಹುಡುಗ. ಇಪ್ಪತ್ತು ದಾಟಿದ್ದಿರಬೇಕು. ಚಿಕ್ಕವನಿದ್ದಾಗ ಹಟ್ಟಿಯಲ್ಲಿ ಕುಡುಗೋಲು ಬಿದ್ದು ಎಡಗಾಲಿನ ಹಿಮ್ಮಡಿಯ ಮೇಲಿನ ದಪ್ಪ ನರ ಕತ್ತರಿಸಿತ್ತು. ಗಾಯ ಮಾಯ್ದರೂ ನರ ಸಡಿಲವಾಗಿಯೇ ಕೂಡಿಕೊಂಡಿತ್ತು. ಮುಂಗಾಲಿನ ಮೇಲೆ ಭಾರ ಬಿಟ್ಟರೆ ಹಿಮ್ಮಡಿ ಕುಸಿಯುತ್ತಿತ್ತು. ಹೀಗಾಗಿ ನಡೆಯುವಾಗ ಎಡಗಾಲನ್ನು ಎತ್ತಿ ಎತ್ತಿ ಇಡುತ್ತಿದ್ದ. ಕುರಿ ಹಿಂದೆ ಊರೂರು ನಡೆಯುವ ಮನೆಯಲ್ಲಿ ನಡೆಯಲಾಗದವನಿಗೆ ಏನು ಕೆಲಸ? ಅಣ್ಣಂದಿರು ಮಂದೆ ಹೊಡೆದುಕೊಂಡು ಹೋದಾಗ ಇವನು ಹೆಂಗಸರ ಜೊತೆ ಹಿಂದೆ ಉಳಿಯುತ್ತಿದ್ದ. ಅವನಿಗೆ ಕಾಲು ಕೊಟ್ಟದ್ದು ಸೈಕಲ್. ಹೊಳಲ್ಕೆರೆಗೆ ಬಸ್ಸಿನಲ್ಲಿ ಬರುವ ಪೇಪರ್ ಬಂಡಲನ್ನು ಕಟ್ಟಿಕೊಂಡು ಹಳ್ಳಿ ಹಳ್ಳಿಗೆ ಹಾಕುತ್ತಿದ್ದ. ತುಳಿಯಲು ಶುರುಮಾಡಿದರೆ ಗಾಳಿಯಂತೆ ಹೋಗುತ್ತಿದ್ದ ಎಂದು ಅವನನ್ನು ಕಂಡವರೆಲ್ಲ ಹೇಳುತ್ತಿದ್ದರು.

ಚಿತ್ರದುರ್ಗದಿಂದ ಹಿರಿಯೂರಿಗೆ ಹೋಗಿ ಬರುವ ಒಂದು ಸೈಕಲ್ ರೇಸ್ ಆಗ ನಡೆಯುತ್ತಿತ್ತು. ಗೆದ್ದವನನ್ನು ರಾಜ್ಯದ ರೇಸಿಗೆ ಕಳಿಸುತ್ತಿದ್ದರು. ಅಲ್ಲಿ ಚೆನ್ನಾಗಿ ತುಳಿದವರನ್ನು ಇಲಾಖೆಗಳವರು ಕರೆದು ಕೆಲಸಕ್ಕೆ ಸೇರಿಸಿಕೊಳ್ಳುತ್ತಿದ್ದರು. ಬೀರ ಕಣ್ಣಿಟ್ಟದ್ದು ಅದರ ಮೇಲೆ. ಆದರೆ ರೇಸಿನ ಕಮಿಟಿಯ ಕಾರ್ಯದರ್ಶಿ, ಊರಿನ ದೊಡ್ಡ ವ್ಯಾಪಾರಸ್ಥ, ಅವನು ಸೈಕಲ್ಲಿನಿಂದ ಇಳಿಯುವ ಮೊದಲೇ ಅವನ ಟೈರ್ ಚಪ್ಪಲಿ ನೋಡಿ ಹೆಸರೇ ಬರೆದುಕೊಳ್ಳಲಿಲ್ಲ. ಕ್ಲೀಟ್ ಹೊಡೆದ ಬೂಟು ಬೇಕು ಎಂದು ಕಳಿಸಿಬಿಟ್ಟ.

ಕ್ಲೀಟ್ ಅಂದರೆ ರೇಸಿನ ಬೂಟಿನ ಅಟ್ಟೆಗೆ ಹೊಡೆಯುವ ಲೋಹದ ಸಣ್ಣ ತುಂಡು. ಅದರ ಸೀಳಿನಲ್ಲಿ ಪೆಡಲ್ಲಿನ ಅಂಚು ಕಚ್ಚಿ ಕೂರುತ್ತದೆ, ಕಾಲು ಜಾರುವುದಿಲ್ಲ. ಎಲ್ಲರೂ ಅದನ್ನು ಹೆಬ್ಬೆರಳಿನ ಬುಡಕ್ಕೆ ನೇರವಾಗಿ ಹೊಡೆಸುತ್ತಿದ್ದರು. ಬೀರ ಹಿರಿಯೂರಿನಲ್ಲಿ ಯಾರೋ ಹಳೇ ರೇಸುಗಾರನಿಂದ ಅಂಥದೊಂದು ಜೊತೆ ಸಂಪಾದಿಸಿದ್ದ. ಹಾಕಿಕೊಂಡು ತುಳಿದರೆ ಎಡಗಾಲು ಸತ್ತುಹೋಗುತ್ತಿತ್ತು. ಭಾರವೆಲ್ಲ ಮುಂಗಾಲಿಗೆ ಬಿದ್ದು ಹಿಮ್ಮಡಿ ಕೆಳಕ್ಕೆ, ನೋವು ಮೇಲಕ್ಕೆ. ಎರಡೂ ಬೂಟನ್ನು ಎದೆಗೆ ಒತ್ತಿಕೊಂಡು ನಮ್ಮ ಅಂಗಡಿಗೆ ಬಂದ. ಕೈಯಲ್ಲೇ ಕೊಟ್ಟ ಎಂದು ನನಗೆ ಚೆನ್ನಾಗಿ ನೆನಪಿದೆ.

"ಅಣ್ಣ, ಚಪ್ಪಲ್ಯಾಗೆ ತುಳಿಯಾಗ ನಾನು ಪಾದದ ನಡುವಿಂದ ತುಳಿತೀನಿ. ನಮ್ಮೂರಾಗೆ ಎಲ್ರೂ ಹಂಗೇ ತುಳಿಯಾದು. ಈ ಕಬ್ಬಿಣ ಕಿತ್ತು ಅಲ್ಲಿಗೆ ಹೊಡಿಯಾಕಾಗಲ್ವಾ?" ಅಂದ.

ಮೇಸ್ತ್ರಿ ಬೂಟನ್ನು ತಿರುಗಿಸಿ ನೋಡಿದರು. "ಕುಂತ್ಕಳಪ್ಪ. ಕಾಲು ತೋರ್ಸು," ಅಂದರು.

ಬಾಯಲ್ಲಿ ಹೇಳಿದಷ್ಟು ಸುಲಭದ ಕೆಲಸವಲ್ಲ ಅದು. ಬೂಟಿನ ಅಟ್ಟೆ ನಡುವಿಗೆ ಬಂದರೆ ಮೇಲಕ್ಕೆ ಬಾಗಿ ಟೊಳ್ಳಾಗಿರುತ್ತದೆ, ಒಳಗೆ ಬಾಗದಿರಲೆಂದು ಒಂದು ಕಬ್ಬಿಣದ ಪಟ್ಟಿ ಇರುತ್ತದೆ. ನಾನು ಹೊಡೆದ ಮೊದಲ ಮೊಳೆ ಆ ಪಟ್ಟಿಗೆ ತಾಗಿ ಬಾಗಿತು, ಎರಡನೆಯದು ಪಕ್ಕಕ್ಕೆ ಜಾರಿ ಒಳಗೆ ಮೂತಿ ತೋರಿಸಿತು. ಕೊನೆಗೆ ಮೇಸ್ತ್ರಿ ಅಟ್ಟೆ ಬಿಚ್ಚಿಸಿದರು. ಎತ್ತಿನ ಚರ್ಮದ ತುಂಡುಗಳನ್ನು ನಮ್ಮ ಕೊಯ್ಯುವ ಉಳಿ ರಂಪಿಗೆಯಲ್ಲಿ ತೆಳುವಾಗಿ ಹೆರೆದು, ಒಂದರ ಮೇಲೊಂದು ಕೂಡಿಸಿ, ಟೊಳ್ಳು ತುಂಬಿ ಸಮ ಮಾಡಿದೆವು. ಪಟ್ಟಿಯ ಎರಡೂ ಬದಿಗೆ ಮೊಳೆ ಬರುವಂತೆ ಕ್ಲೀಟಿಗೆ ಹೊಸ ತೂತು ಕೊರೆಸಿದೆವು. ಎಡಗಾಲಿಗೆ ಮಾಡಿದ್ದನ್ನು ಬಲಗಾಲಿಗೂ ಮಾಡಿದೆವು. ಲಾರಿ ಡ್ರೈವರ್ ಕಲಿಸಿದ ಪಾಠ ಮರೆತಿರಲಿಲ್ಲ.

ಆದರೂ ಅರ್ಧ ಮರೆತಿದ್ದೆವು. ಬೀರ ಬೂಟು ಹಾಕಿ ಸೈಕಲ್ ಹತ್ತಿದ, ಗಲ್ಲಿಯ ತುದಿಗೆ ಹೋಗುವಷ್ಟರಲ್ಲಿ ಅವನ ಸೊಂಟ ಆ ಕಡೆ ಈ ಕಡೆ ಉರುಳಾಡುತ್ತಿತ್ತು. ಕ್ಲೀಟ್ ಹಿಂದಕ್ಕೆ ಸರಿದರೆ ಪೆಡಲ್ ಮುಟ್ಟುವ ಕಾಲು ಅಷ್ಟು ಗಿಡ್ಡವಾದಂತೆ ಎಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಸೀಟು ಇಳಿಸಿದೆವು. ಆಮೇಲೆ ಪೆಡಲ್ಲಿನ ಮುಂದೆ ಬೂಟಿನ ತುದಿ ಹಿಡಿಯುವ ತಂತಿ ಬುಟ್ಟಿ ಬೆರಳಿಗೆ ಅಡ್ಡ ಬಂತು, ಅದನ್ನು ಕತ್ತರಿಸಿ ಬರೀ ಚರ್ಮದ ಪಟ್ಟಿ ಉಳಿಸಿದೆವು. ಅದಾದ ಮೇಲೆ ಗಲ್ಲಿಯಲ್ಲಿ ತಿರುಗುವಾಗ ಮುಂದಕ್ಕೆ ಚಾಚಿದ ಬೂಟಿನ ತುದಿ ಮುಂದಿನ ಚಕ್ರಕ್ಕೆ ಸಿಕ್ಕಿ ಬೀರ ದಬಕ್ಕನೆ ಬಿದ್ದ. ಬಸ್ ಸ್ಟ್ಯಾಂಡಿನ ಹಣ್ಣಿನ ಗಾಡಿಯವರೆಲ್ಲ ಚಪ್ಪಾಳೆ ತಟ್ಟಿದರು.

"ನಿಧಾನಕ್ಕೆ ತಿರುಗ್ಬ್ಯಾಡ, ಅಗಲಕ್ಕೆ ತಿರುಗು," ಅಂದರು ಮೇಸ್ತ್ರಿ, ಸೈಕಲ್ಲನ್ನೇ ಹತ್ತದವರು. ಆದರೆ ಅದೇ ಸರಿಯಾಗಿತ್ತು.

ಬೀರ ಹೊಳಲ್ಕೆರೆವರೆಗೆ ತುಳಿದು ವಾಪಸ್ ಬಂದಾಗ ಮುಖವೇ ಬೇರೆಯಾಗಿತ್ತು. "ನೋವಿಲ್ಲ ಕಣಣ್ಣ. ನೋವೇ ಇಲ್ಲ," ಅಂದ. ನಮ್ಮ ಅಂಗಡಿಯಲ್ಲಿ ನಾನು ಕೇಳಿದ ಮಾತುಗಳಲ್ಲಿ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಇನ್ನೊಂದು ವಿಷಯ ಇಲ್ಲಿ ಹೇಳಬೇಕು. ಆ ಕಾಲದ ಕ್ಲೀಟ್ ಬೂಟಿನಲ್ಲಿ ಸೈಕಲ್ ಇಳಿದು ನಡೆದರೆ ಯಾರೇ ಆಗಲಿ ಕುಂಟುತ್ತಿದ್ದರು. ಕಾಲಡಿಯಲ್ಲಿ ಲೋಹ, ಬಾಗದ ಅಟ್ಟೆ, ಬಾತುಕೋಳಿ ನಡಿಗೆ. ಆದ್ದರಿಂದ ಬೀರ ಬೂಟು ಹಾಕಿಕೊಂಡು ಹೋಗಿ ಹೆಸರು ಕೊಟ್ಟಾಗ ಅವನ ಕಾಲಿನ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ.

ರೇಸಿನ ದಿನ ಐಮಂಗಲದ ಡ್ರೈವರ್ ನನ್ನನ್ನು ತನ್ನ ಲಾರಿಯಲ್ಲಿ ಕರೆದುಕೊಂಡು ಹೋಗಿ ಅವರೂರಿನ ಟೀ ಅಂಗಡಿಯ ಮುಂದೆ ಇಳಿಸಿದ. ಹೋಗುವಾಗ ಬೀರ ಎಲ್ಲರಿಗಿಂತ ಮುಂದಿದ್ದ. ವಾಪಸ್ ಬರುವಾಗ ಮೊದಲು ಕಂಡದ್ದು ಹೊಸದುರ್ಗದ ಹುಡುಗ, ಕಾರ್ಯದರ್ಶಿಯ ಅಕ್ಕನ ಮಗ. ಹಿರಿಯೂರಿನಲ್ಲಿ ರಸ್ತೆ ನಡುವೆ ಇಟ್ಟಿದ್ದ ಡ್ರಮ್ ಸುತ್ತಿ ತಿರುಗುವಾಗ ಬೀರ ಅಗಲಕ್ಕೆ ತಿರುಗಬೇಕಾಗಿತ್ತಲ್ಲ, ಅಲ್ಲಿ ಹಿಂದೆ ಬಿದ್ದಿದ್ದ. ಆದರೆ ಎದುರುಗಾಳಿ ಜೋರಾಗಿತ್ತು, ಆ ಗಾಳಿಯಲ್ಲಿ ಬೀರ ತಲೆ ತಗ್ಗಿಸಿ, ಪಾದದ ನಡುವಿನಿಂದ, ಭತ್ತ ಕುಟ್ಟುವವರ ಹಾಗೆ ಒಂದೇ ಸಮನೆ ತುಳಿಯುತ್ತಿದ್ದ. ಟೀ ಅಂಗಡಿ ದಾಟುವಷ್ಟರಲ್ಲಿ ಹೊಸದುರ್ಗದವನನ್ನು ಹಿಂದಕ್ಕೆ ಹಾಕಿದ. ಚಿತ್ರದುರ್ಗಕ್ಕೆ ಮೊದಲು ಬಂದವನು ಅವನೇ.

ಬಹುಮಾನ ಕೊಟ್ಟದ್ದು ಚಿತ್ರದುರ್ಗದ ಒಂದು ಶಾಲೆಯ ಮೈದಾನದಲ್ಲಿ. ಲಾರಿಯಲ್ಲೇ ವಾಪಸ್ ಬಂದು ನಾನು ಮೇಸ್ತ್ರಿಯ ಜೊತೆ ಅಲ್ಲಿ ನಿಂತಿದ್ದೆ. ವೇದಿಕೆಯ ಮೇಲೆ ದೇವರ ಪಟ, ಅದರ ಮುಂದೆ ದೀಪ. ಸಿರಿಗೆರೆಯಿಂದ ಬಸ್ಸಿನಲ್ಲಿ ಬಂದಿದ್ದ ವಿದ್ಯಾರ್ಥಿಗಳ ಗದ್ದಲ. ಮೊದಲು ಮೂರನೆಯವನನ್ನು ಕರೆದರು, ಅವನು ಬೂಟಿನಲ್ಲೇ ಟಕಟಕ ಹತ್ತಿದ. ಹೊಸದುರ್ಗದವನೂ ಬೂಟಿನಲ್ಲೇ ಹತ್ತಿದ. ಯಾರೂ ಏನೂ ಅನ್ನಲಿಲ್ಲ. ಬೀರನ ಹೆಸರು ಕೂಗಿದಾಗ ನನ್ನ ಪಕ್ಕದಲ್ಲಿದ್ದ ಮೇಸ್ತ್ರಿ ಗಾಬರಿಯಾಗಿ ಕೂಗಿದರು. "ಲೇ ಬೀರ, ಬೂಟು ಬಿಚ್ಚಲೇ! ದೀಪ ಐತೆ!"

ಅದು ನಮ್ಮ ಜನ ಮಾತ್ರ ಕೂಗುವ ಕೂಗು. ಚಪ್ಪಲಿ ಹೊಲಿಯುವ ನಮಗೇ ಚಪ್ಪಲಿ ಎಲ್ಲಿ ಬಿಡಬೇಕು ಎಂಬ ಹೆದರಿಕೆ ಎಲ್ಲರಿಗಿಂತ ಹೆಚ್ಚು. ಜೀವಮಾನವೆಲ್ಲ "ದೂರ ಇಡು, ಆಚೆ ಇಡು" ಎಂದು ಅನ್ನಿಸಿಕೊಂಡವರು ನಾವು. ನಮ್ಮ ಕೈಯಿಂದ ಹೋದ ಬೂಟು ದೀಪದ ಮುಂದೆ ನಿಂತರೆ ಎಲ್ಲಿ ಯಾರು ಏನನ್ನುತ್ತಾರೋ ಎಂದು ಮೇಸ್ತ್ರಿಯ ಜೀವ ಹಾರಿತು. ದೊಡ್ಡವರ ಮಕ್ಕಳು ಬೂಟಿನಲ್ಲಿ ಹತ್ತಿದ್ದು ಅವರ ಕಣ್ಣಿಗೇ ಬೀಳಲಿಲ್ಲ.

ಬೀರ ಮೆಟ್ಟಿಲ ಹತ್ತಿರ ಕೂತು ಬೂಟು ಬಿಚ್ಚಿಟ್ಟು, ಬರಿಗಾಲಿನಲ್ಲಿ ವೇದಿಕೆಯ ಆ ತುದಿಗೆ ನಡೆದ. ಎಡಗಾಲು ಎತ್ತಿ ಎತ್ತಿ ಇಟ್ಟು ನಡೆದ.

"ಇವ್ನು ಕುಂಟ ಅಲ್ವೇನ್ರಿ?" ಅಂದ ಕಾರ್ಯದರ್ಶಿ. ಮೈಕ್ ಹತ್ತಿರವೇ ಇತ್ತು, ಎಲ್ಲರಿಗೂ ಕೇಳಿಸಿತು.

"ಕುಂಟಾದು ನಡಿಯಾಗ ಸ್ವಾಮಿ. ಸೈಕಲ್ ಮ್ಯಾಲೆ ಅಲ್ಲ," ಅಂದ ಬೀರ.

ಕಪ್ ಕೊಟ್ಟರು. ರಾಜ್ಯಕ್ಕೆ ಮಾತ್ರ ಕಳಿಸಲಿಲ್ಲ. ನಮ್ಮ ಜಿಲ್ಲೆಗೆ ಗಟ್ಟಿ ಕಾಲಿನ ಗಂಡಸರೇ ಸಿಗಲಿಲ್ಲವೇ ಎಂದು ನಾಲ್ಕು ಜನ ನಗುತ್ತಾರೆ, ಮೇಲಾಗಿ ಬೂಟನ್ನೂ ಏನೋ ತಿದ್ದಿಸಿಕೊಂಡಿದ್ದಾನೆ ಎಂದು ಹೇಳಿ ಹೊಸದುರ್ಗದವನ ಹೆಸರು ಕಳಿಸಿದರು. ಗೆದ್ದವನನ್ನು ಕೂರಿಸಿ ಸೋತವನನ್ನು ಕಳಿಸಿದರು! ಯಾವ ಕಾಲು ಮೊದಲು ಬಂತೋ ಅದೇ ಕಾಲನ್ನು ನೋಡಿ ಇದು ಬರಲಾರದು ಎಂದು ತೀರ್ಪು ಕೊಟ್ಟ ಬುದ್ಧಿವಂತರು ಅವರು.

ಬೀರ ಅಳಲಿಲ್ಲ. ಮೇಸ್ತ್ರಿ ಅತ್ತರು. ಅಂಗಡಿಗೆ ಬಂದು ಹಣೆ ಬಡಿದುಕೊಂಡರು. "ನಾನೇ ಬಿಚ್ಚಿಸ್ದೆ ಕಣ್ಲೇ ತಿಪ್ಪೇಶ. ಅವರ ಕಣ್ಣಿಗೆ ನಾನೇ ತೋರ್ಸಿಕೊಟ್ಟೆ," ಅನ್ನುತ್ತಿದ್ದರು. ಬಿಚ್ಚಿಸಿದ್ದು ನೀವಲ್ಲ, ನಿಮ್ಮೊಳಗೆ ಆ ಹೆದರಿಕೆ ಹೊಲಿದಿಟ್ಟವರು ಎಂದು ಈಗಾದರೆ ಹೇಳುತ್ತಿದ್ದೆ.

ಇಷ್ಟಕ್ಕೇ ಮುಗಿದಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಕೆಲವು ದಿನಗಳಲ್ಲಿ ಕಾರ್ಯದರ್ಶಿಯೇ ನಮ್ಮ ಗಲ್ಲಿಗೆ ಬಂದ, ಹಿಂದೆ ಅಕ್ಕನ ಮಗ. ಹುಡುಗನ ಬೂಟನ್ನು ಕಾಲಿನಿಂದ ನಮ್ಮ ಕಡೆಗೆ ತಳ್ಳಿದ.

"ಏನಪ್ಪ ಮೇಸ್ತ್ರಿ, ಆ ಕುರುಬರ ಹುಡುಗನಿಗೆ ಏನೋ ಮಾಡಿಕೊಟ್ಟಿದ್ಯಲ್ಲ, ಇವನಿಗೂ ಹಂಗೇ ಮಾಡಿಕೊಡು. ರಾಜ್ಯಕ್ಕೆ ಹೋಗ್ಬೇಕು ಇವ್ನು."

ನನಗೆ ತಡೆಯಲಾಗಲಿಲ್ಲ. "ಆಗ್ಲಿ ಸಾಹೇಬ್ರೇ. ಆ ಬೂಟು ಕುಂಟಗಾಲಿನ ಅಳತೀದು. ನಾಳೆ ಇವರ ಕಾಲೂ ಕುಂಟು ಮಾಡಿಸ್ಕಂಡು ಕರ್ಕಂಡು ಬರ್ರಿ," ಅಂದುಬಿಟ್ಟೆ.

ಆ ಹುಡುಗನ ಮುಖ ಕೆಂಪಾಯಿತು. ಅವನನ್ನು ನಾನು ಬೈಯುವುದಿಲ್ಲ, ಅವನು ನೆಲ ನೋಡುತ್ತಿದ್ದ. ಕಾರ್ಯದರ್ಶಿ ನನ್ನನ್ನು ಬಿಟ್ಟು ಮೇಸ್ತ್ರಿಯ ಕಡೆ ತಿರುಗಿದ. ಮೇಸ್ತ್ರಿ ಅಚ್ಚು ಬೀಸುತ್ತಾರೆಂದು ನಾನು ತಲೆ ತಗ್ಗಿಸಿದೆ. ಅವರು ಎದ್ದು ಆ ಬೂಟುಗಳನ್ನು ಎರಡೂ ಕೈಯಲ್ಲಿ ಎತ್ತಿ, ಗಲ್ಲಿಯ ಆಚೆ, ಬಿಸಿಲಲ್ಲಿ ಇಟ್ಟು ಬಂದರು.

"ಈ ಅಂಗಡ್ಯಾಗೆ ಇದು ಆಗಲ್ಲ ಸ್ವಾಮಿ," ಅಂದರು. ಅಷ್ಟೇ. ಕೂತು ದಾರಕ್ಕೆ ಮೇಣ ಸವರತೊಡಗಿದರು.

ಆ ವ್ಯಾಪಾರಸ್ಥನ ಬಳಗದ ಒಬ್ಬರೂ ಆಮೇಲೆ ನಮ್ಮ ಅಂಗಡಿ ಮೆಟ್ಟಲಿಲ್ಲ. ನಷ್ಟವೇ ಆಯಿತು. ಮಕ್ಕಳೇ, ಸ್ವಾಭಿಮಾನದಿಂದ ಹೊಟ್ಟೆ ತುಂಬುತ್ತದೆ ಎಂದು ನಾನು ನಿಮಗೆ ಸುಳ್ಳು ಹೇಳುವುದಿಲ್ಲ. ಆದರೂ ಆ ದಿನ ಮೇಸ್ತ್ರಿ ಸಂಜೆಗೆ ಹೊಸ ಎಲೆಯಡಿಕೆ ಹಾಕಿಕೊಂಡು, ಎಷ್ಟೋ ದಿನಗಳ ಮೇಲೆ ನನ್ನನ್ನು ಬಾಯ್ತುಂಬ ಬೈದರು.

ಮಾರನೆಯ ವರ್ಷ ಮತ್ತೆ ರೇಸ್ ಬಂತು. ಬೀರ ಹೆಸರು ಕೊಡಲು ಹೋಗುತ್ತೇನೆಂದಾಗ ಮೇಸ್ತ್ರಿ, "ಬ್ಯಾಡ ಬಿಡಪ್ಪ, ಮತ್ತೆ ಅದೇ ಆಗುತ್ತೆ," ಅಂದರು. "ನೀವೂ ಬರ್ರಿ, ಹೋಗಾಣ," ಅಂದ ಬೀರ. ಮೂವರೂ ಹೋದೆವು.

ಹೆಸರು ಬರೆದುಕೊಳ್ಳುವ ಮೇಜಿನ ಹಿಂದೆ ಕಾರ್ಯದರ್ಶಿ ಮತ್ತು ಕಮಿಟಿಯವರು ಕೂತಿದ್ದರು. ಸುತ್ತ ಸವಾರರು, ವಿದ್ಯಾರ್ಥಿಗಳು, ಊರ ಜನ. ಬೀರ ಮೇಜಿನ ಮುಂದೆ ನಿಂತು ಎರಡೂ ಬೂಟು ಬಿಚ್ಚಿ ಮೇಸ್ತ್ರಿಯ ಕೈಗೆ ಕೊಟ್ಟ. ಬರಿಗಾಲಿನಲ್ಲಿ ಮೇಜಿನ ಈ ತುದಿಯಿಂದ ಆ ತುದಿಗೆ ನಡೆದ. ಅಲ್ಲಿಂದ ತಿರುಗಿ ಈ ತುದಿಗೆ ನಡೆದ. ಕಾಲನ್ನು ಮುಚ್ಚಿಕೊಳ್ಳುವ ಪ್ರಯತ್ನವನ್ನೇ ಮಾಡಲಿಲ್ಲ, ಎಷ್ಟು ಕುಂಟುತ್ತಿತ್ತೋ ಅಷ್ಟೂ ಕುಂಟಿದ.

"ಎಲ್ರೂ ಈಗ್ಲೇ ನೋಡ್ಕಳ್ರಿ ಸ್ವಾಮಿ," ಅಂದ. "ಓಡ್ಸಬ್ಯಾಡ ಅನ್ನಂಗಿದ್ರೆ ಇಷ್ಟು ಜನದ ಮುಂದೆ ಈಗ್ಲೇ ಅನ್ರಿ. ಗೆದ್ದ ಮ್ಯಾಲೆ ಅನ್ಬ್ಯಾಡ್ರಿ."

ಕಾರ್ಯದರ್ಶಿ ಸುತ್ತ ನಿಂತ ಜನರನ್ನು ನೋಡಿ ಹೆಸರಿನ ಪುಸ್ತಕವನ್ನು ಪಕ್ಕಕ್ಕೆ ತಳ್ಳಿದ. ಅವನ ಪಕ್ಕದಲ್ಲಿದ್ದ ವಯಸ್ಸಾದ ಮೇಷ್ಟರು ಪೆನ್ನು ಎತ್ತಿಕೊಂಡು, "ಹೆಸರು ಹೇಳಪ್ಪ," ಅಂದರು.

ಮೇಸ್ತ್ರಿ ಆಗ ಅಲ್ಲೇ, ಅಷ್ಟು ಜನರ ನಡುವೆ ನೆಲಕ್ಕೆ ಕೂತರು. ಬೀರನ ಎಡಗಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಬೂಟು ಹಾಕಿ ದಾರ ಬಿಗಿದರು. ಬೀರ ಬೇಡ ಬೇಡ ಎಂದು ಕಾಲೆಳೆದರೂ ಬಿಡಲಿಲ್ಲ.

ಆ ವರ್ಷ ಗೆದ್ದವನು ಸಿರಿಗೆರೆಯಲ್ಲಿ ಓದುತ್ತಿದ್ದ ಒಬ್ಬ ಎಳೆಯ ಹುಡುಗ. ನಿಜವಾಗಿಯೂ ಚೆನ್ನಾಗಿ ತುಳಿದ, ಯಾರೂ ಅಲ್ಲಗಳೆಯುವಂತಿರಲಿಲ್ಲ. ಬೀರ ಮೂರನೆಯವನಾದ. ಮೂರನೆಯವನನ್ನು ಯಾರು ಎಲ್ಲಿಗೆ ಕಳಿಸುತ್ತಾರೆ? ಆ ದಾರಿ ಅವನಿಗೆ ಅಲ್ಲಿಗೆ ಮುಚ್ಚಿತು. ಮುಂದೆ ಅವನು ಹೊಳಲ್ಕೆರೆಯಲ್ಲಿ ಸೈಕಲ್ ಅಂಗಡಿ ಇಟ್ಟ. ಆ ಬೂಟಿನ ಅಟ್ಟೆ ಸವೆದಾಗಲೆಲ್ಲ ನನ್ನ ಹತ್ತಿರ ತರುತ್ತಿದ್ದ, ಕ್ಲೀಟನ್ನು ಅದೇ ಜಾಗಕ್ಕೆ ಹೊಡೆದು ಕೊಡುತ್ತಿದ್ದೆ.

ಆದರೆ ಆ ಎರಡನೇ ರೇಸಿನ ದಿನ ಗೆರೆ ದಾಟಿ ಬಂದ ಬೀರ ಸೈಕಲ್ಲಿನ ಮೇಲೇ ಬಗ್ಗಿ ಏದುಸಿರು ಬಿಡುತ್ತಾ ನಗುತ್ತಿದ್ದ. ನಾನು ಹತ್ತಿರ ಓಡಿ, ಏನಾಯ್ತೋ, ಬೂಟು ಕೈಕೊಡ್ತಾ ಎಂದು ಕೇಳಿದೆ.

"ಇಲ್ಲ ಕಣಣ್ಣ. ಬೂಟು ಸರ್ಯಾಗಿತ್ತು, ಕಾಲೂ ಸರ್ಯಾಗಿತ್ತು. ಹೋದ ವರ್ಷ ನಾನು ಗೆದ್ದಿದ್ದೆ, ಅವರು ಸೋಲಿಸಿದ್ರು. ಈ ಸಲ ನಾನೇ ಸೋತೆ!" ಅಂದ, ಏನೋ ಗೆದ್ದವನ ಹಾಗೆ.

ಸರಿಯಾಗಿ ಸೋಲುವ ಹಕ್ಕಿಗೂ ಅವನು ಒಂದು ವರ್ಷ ಕಾಯಬೇಕಾಯಿತು. ಅವನು ನಕ್ಕ, ಮೇಸ್ತ್ರಿಯೂ ನಕ್ಕರು. ನನಗೆ ಆವತ್ತು ನಗು ಬರಲಿಲ್ಲ. ಇವತ್ತಿಗೂ ಬಂದಿಲ್ಲ.